ಶಟರ್ ಕೌಂಟ್ ಒಂದನ್ನೇ ನೋಡಿ ಕ್ಯಾಮೆರಾ ತಗೋಬೇಡಿ

ಸೆಕೆಂಡ್ ಹ್ಯಾಂಡ್ ಕ್ಯಾನನ್ 5ಡಿ ಮಾರ್ಕ್ 3 ಸಿಕ್ಕಿದೆ, ಶಟರ್ ಕೌಂಟ್ (ಇದುವರೆಗೆ ಶಟರ್ ಎಷ್ಟು ಸಲ ಕೆಲಸ ಮಾಡಿದೆ ಅನ್ನುವ ಲೆಕ್ಕ) 40 ಸಾವಿರ ಅಷ್ಟೇ, ಕಣ್ಣು ಮುಚ್ಚಿ ತಗೋಬಹುದಾ ಅಂತ ಕೇಳಿದ್ದೀರಿ. ಕಣ್ಣು ಮಾತ್ರ ಮುಚ್ಚಬೇಡಿ ಸರ್! 2012ರ ಮಾಡೆಲ್, 22.3 ಮೆಗಾಪಿಕ್ಸೆಲ್, ಈಗಲೂ ಒಳ್ಳೆಯ ಬಾಡಿಯೇ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ). ಆದರೆ ಆ 40 ಸಾವಿರ ಎಲ್ಲಿಂದ ಬಂತು ಅಂತ ಕೇಳಿ.

ನಿಕಾನ್ ಆಗಿದ್ದರೆ ಹೊಸದಾಗಿ ತೆಗೆದ ಒಂದು ಜೆಪೆಗ್ ಫೈಲಿನಲ್ಲೇ ಕೌಂಟ್ ಸಿಗುತ್ತದೆ. ಈ ಕ್ಯಾನನ್‌ನಲ್ಲಿ ಹಾಗೆ ಸಿಗುವುದಿಲ್ಲ. ಯುಎಸ್‌ಬಿ ಕೇಬಲ್ ಹಾಕಿ ಸಾಫ್ಟ್‌ವೇರ್‌ನಲ್ಲಿ ನೋಡಬೇಕು. ಬ್ಯಾಟರಿ ಮಾಹಿತಿ ಮೆನುವಿನಲ್ಲೂ ಒಂದು ಶಟರ್ ಕೌಂಟ್ ಕಾಣುತ್ತದೆ, ಅದು ಆ ಸಲದ ಚಾರ್ಜ್‌ನಲ್ಲಿ ತೆಗೆದ ಫೋಟೋಗಳ ಲೆಕ್ಕ ಮಾತ್ರ. ಶಟರ್ ಒಂದೂವರೆ ಲಕ್ಷ ಸಲ ಬಾಳುತ್ತದೆ ಅಂತ ಕಂಪನಿ ಹೇಳುವುದೂ ಗ್ಯಾರಂಟಿ ಅಲ್ಲ.

ನಾನು ಒಮ್ಮೆ ಕಡಿಮೆ ಕೌಂಟ್ ನೋಡಿ ಖುಷಿಯಾಗಿ ಒಂದು ಬಾಡಿ ತಂದೆ. ಮನೆಯೊಳಗೆ ಎಲ್ಲ ಚೆನ್ನಾಗಿಯೇ ಬಂತು. ಬಿಸಿಲಿಗೆ ಹೋಗಿ 1/8000 ಸೆಕೆಂಡ್ ಶಟರ್ ವೇಗದಲ್ಲಿ ಹೊಡೆದರೆ ಪ್ರತಿ ಫೋಟೋದ ಒಂದು ಅಂಚು ಕಪ್ಪು! ಶಟರ್‌ನ ಎರಡು ಪರದೆಗಳ ವೇಗ ಹೊಂದುತ್ತಿರಲಿಲ್ಲ. ಹಾಗಾಗಿ ಹಗಲಲ್ಲೇ ಹೋಗಿ, ಹೊರಗೇ ಟೆಸ್ಟ್ ಮಾಡಿ. ಎಲ್‌ಇಡಿ ಬೆಳಕಿನಲ್ಲಿ ಹೊಡೆದರೆ ಬೆಳಕಿನ ಮಿಣುಕಿಗೇ ಪಟ್ಟಿ ಬೀಳುತ್ತದೆ, ತಪ್ಪು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಶಟರ್ ಹೋದರೆ ಬದಲಾಯಿಸಬಹುದು. ಸೆನ್ಸರ್ ಮೇಲೆ ಗೀರು ಬಿದ್ದಿದ್ದರೆ ಕಷ್ಟ. ಅಪರ್ಚರ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ) ಎಫ್/16ಕ್ಕೆ ಕಿರಿದಾಗಿಸಿ, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಫೋಟೋ ತೆಗೆದು ಜೂಮ್ ಮಾಡಿ ನೋಡಿ. ಮಸುಕು ಚುಕ್ಕೆಗಳು ಸಾಮಾನ್ಯವಾಗಿ ಧೂಳು, ಹೆದರಬೇಡಿ. ಉದ್ದ ಗೆರೆ ಕಂಡು, ಗಾಳಿ ಊದುವ ಬ್ಲೋವರ್ ಹೊಡೆದ ಮೇಲೂ ಅಲ್ಲೇ ಇದ್ದರೆ ವಾಪಸ್ ಬನ್ನಿ.

ಫೋಕಸ್‌ಗೆ ನಿಮ್ಮದೇ ಲೆನ್ಸ್ ಒಯ್ಯಿರಿ. ಅಪರ್ಚರ್ ಪೂರ್ತಿ ತೆರೆದು, ಒಮ್ಮೆ ವ್ಯೂಫೈಂಡರ್‌ನಲ್ಲಿ, ಒಮ್ಮೆ ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನ್ ನೋಡಿ) ಫೋಕಸ್ ಮಾಡಿ ಹೋಲಿಸಿ. ಚೂರುಪಾರು ವ್ಯತ್ಯಾಸವನ್ನು ಮೆನುವಿನಲ್ಲೇ ಸರಿ ಮಾಡಬಹುದು. ಯಾವ ಲೆನ್ಸ್ ಹಾಕಿದರೂ ಒಂದೇ ಬದಿ ಮಸುಕಾಗಿದ್ದರೆ ಬಾಡಿ ಬಿದ್ದು ಮೌಂಟ್ ಓರೆಯಾಗಿರಬಹುದು, ಬಿಟ್ಟುಬಿಡಿ. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತಲೇ ಲೆಕ್ಕ. ಸಿಎಫ್ ಮೆಮೊರಿ ಕಾರ್ಡ್ ಹಾಕುವ ಸ್ಲಾಟ್‌ನೊಳಗೆ ಟಾರ್ಚ್ ಬಿಡಿ, ಪಿನ್ ಬಾಗಿದೆಯಾ ನೋಡಿ, ಬಾಗುವುದು ಇದ್ದದ್ದೇ.

ಅಂದಹಾಗೆ, ನಿಮ್ಮ ಹಳೇ ಕಿಟ್ ಲೆನ್ಸ್ ಇಎಫ್-ಎಸ್ (ಕ್ಯಾನನ್‌ನ ಚಿಕ್ಕ ಸೆನ್ಸರ್ ಕ್ಯಾಮೆರಾಗಳಿಗೆ ಮಾಡಿದ್ದು) ಆಗಿದ್ದರೆ ಇದಕ್ಕೆ ಕೂರುವುದೇ ಇಲ್ಲ. ಲೆನ್ಸ್‌ಗೂ ದುಡ್ಡು ಎತ್ತಿಟ್ಟಿದ್ದೀರಿ ಅಲ್ವಾ?