ಹಳೆಯ ಜೆ/24 ಹಾಯಿದೋಣಿ 4,000 ಡಾಲರ್‌ಗೆ ಸಿಗುತ್ತಿದೆ, ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಕನೆಕ್ಟಿಕಟ್‌ಗೆ ಬಂದು ಎರಡು ವರ್ಷ ಆಯ್ತು, ಒಂದು ಬೇಸಿಗೆ ಹಾಯಿ ಓಡಿಸೋದು ಕಲಿತಿದ್ದೀರಿ. ಈಗ 1980ರ ಸುಮಾರಿನ ಜೆ/24 ಒಂದು ಟ್ರೇಲರ್ ಸಮೇತ 4,000 ಡಾಲರ್‌ಗೆ ಬಂದಿದೆ. ಜೊತೆಗೆ ಇಬ್ಬರು ಗೆಳೆಯರಿದ್ದಾರೆ, ಒಬ್ಬರಿಗೆ ಈಜು ಬರಲ್ಲ. ತಗೊಂಡು ರೇಸ್‌ಗೆ ಇಳಿಯಬಹುದಾ?

ದೋಣಿ ಒಳ್ಳೆಯದೇ. ಆದರೆ ಈ ವಾರ ಅಡ್ವಾನ್ಸ್ ಕೊಡಬೇಡಿ.

ನಾನು ಕುಮಟಾ ಕಡೆಯವನು. ಹುಟ್ಟಿದ್ದು ಕಡಲ ಪಕ್ಕದಲ್ಲೇ ಆದರೂ ಹಾಯಿಹಗ್ಗ ಕೈಗೆ ಬಂದದ್ದು ಇಲ್ಲಿ, ರೋಡ್ ಐಲೆಂಡ್‌ನಲ್ಲಿ. ಆಫೀಸಿನವರೊಬ್ಬರು ‘ಇವತ್ತು ಸಂಜೆ ಒಬ್ಬ ಕಡಿಮೆ ಇದ್ದಾನೆ, ಬರ್ತೀಯಾ’ ಅಂದರು. ಆಮೇಲೆ ಎಂಟು ಬೇಸಿಗೆ ಜೆ/24 ದೋಣಿಗಳಲ್ಲೇ ಕಳೆದೆ. ನಡುವೆ ಸ್ವಂತದ್ದೊಂದು ಕೊಂಡು, ಕೈ ಸುಟ್ಟುಕೊಂಡು, ಮಾರಿಯೂ ಆಯ್ತು.

ಜೆ/24 ಹುಟ್ಟಿದ್ದು ನಿಮ್ಮ ರಾಜ್ಯದಲ್ಲೇ, ಗೊತ್ತಾ? ಸ್ಟೋನಿಂಗ್ಟನ್ ಊರಿನ ರಾಡ್ ಜಾನ್‌ಸ್ಟೋನ್ ತಮ್ಮ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ‘ರ‍್ಯಾಗ್‌ಟೈಮ್’ ಅನ್ನೋ ದೋಣಿಯೇ ಇದರ ಮೂಲ. 1976ರಲ್ಲಿ ಅದು ನೀರಿಗಿಳಿದು ಅಕ್ಕಪಕ್ಕದವರನ್ನೆಲ್ಲ ಸೋಲಿಸಿತು. ಮರುವರ್ಷವೇ ಕಾರ್ಖಾನೆಯಲ್ಲಿ ತಯಾರಿ ಶುರು. ಈವರೆಗೆ 5,000ಕ್ಕೂ ಜಾಸ್ತಿ ಬಂದಿವೆ. ಅಗಲ 8 ಅಡಿ 11 ಇಂಚು. ಗ್ಯಾರೇಜಿನ ಬಾಗಿಲು 9 ಅಡಿ ಇತ್ತು, ಅದಕ್ಕೇ ಈ ಅಳತೆ ಅನ್ನೋ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಬಾಗಿಲು ನಿಮಗೂ ಕಾಟ ಕೊಡುತ್ತೆ, ಮುಂದೆ ಹೇಳ್ತೀನಿ.

ಜೆ/24 ‘ಒನ್ ಡಿಸೈನ್’ ದೋಣಿ, ಅಂದರೆ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿ ಇದ್ದ ಹಾಗೆ. ಒಡಲು, ಕೀಲ್ (ತಳದಿಂದ ನೀರಿಗಿಳಿಯುವ ಭಾರದ ರೆಕ್ಕೆ), ಕಂಬ, ಹಾಯಿಯ ಅಳತೆ ಎಲ್ಲರದ್ದೂ ಒಂದೇ. ಬೇರೆ ಬೇರೆ ದೋಣಿ ಸೇರಿ ಓಡುವ ರೇಸ್‌ನಲ್ಲಿ ಗೆರೆ ದಾಟಿದ ಮೇಲೂ ಯಾರೋ ಕೂತು ಲೆಕ್ಕ ಹಾಕಬೇಕು, ಇವನಿಗೆ ಇಷ್ಟು ಸೆಕೆಂಡ್ ರಿಯಾಯಿತಿ ಅಂತ. ಇಲ್ಲಿ ಆ ತಲೆನೋವಿಲ್ಲ, ಮೊದಲು ದಾಟಿದವನೇ ಗೆದ್ದ. ಸೋತರೆ ದೋಣಿಯ ಮೇಲೆ ಹಾಕುವಂತಿಲ್ಲ, ಅದೊಂದು ಕಷ್ಟ. ಕೆನ್ ರೀಡ್ ಆರು ಸಲ ಜೆ/24 ವಿಶ್ವ ಚಾಂಪಿಯನ್ ಆಗಿದ್ದು ಇಂಥದ್ದೇ ದೋಣಿಯಲ್ಲಿ.

ಈಗ ನಿಮ್ಮ ಮೂವರ ವಿಷಯ. ನಿಯಮದ ಪ್ರಕಾರ ಮೂವರು ಸಾಕು. ಗಾಳಿ ಮೆಲ್ಲಗಿದ್ದಾಗ ಓಡಿಸಲೂಬಹುದು. ಗಾಳಿ ಏರಿದರೆ ಮಾತ್ರ ಅಂಚಿನಲ್ಲಿ ಕೂತು ದೋಣಿಯನ್ನು ಒತ್ತಿ ಹಿಡಿಯಲು ಮೈಭಾರ ಬೇಕು. ತಂಡದ ಒಟ್ಟು ತೂಕ 400 ಕಿಲೋ ದಾಟಬಾರದು, ಹಾಗಾಗಿ ಎಲ್ಲರೂ ಸಾಮಾನ್ಯವಾಗಿ ಐವರನ್ನು ಹತ್ತಿಸುತ್ತಾರೆ. ತಲೆಗೆ 80 ಕಿಲೋ. (ದೊಡ್ಡ ರೇಸ್‌ಗೆ ಮೊದಲು ತಕ್ಕಡಿ ಹತ್ತಿಸ್ತಾರೆ. ಒಂದು ವಾರ ಅನ್ನ ಬಿಟ್ಟು ಸೌತೆಕಾಯಿ ತಿಂದಿದ್ದೇನೆ, ಸುಮ್ನೆ ಹೇಳ್ತಿಲ್ಲ.) ಚುಕ್ಕಾಣಿಗೆ ಒಬ್ಬ, ಹಗ್ಗಕ್ಕೆ ಇಬ್ಬರು, ಕಂಬದ ಬುಡಕ್ಕೆ ಒಬ್ಬ, ಮೂತಿಗೆ ಒಬ್ಬ. ಮೇ ತಿಂಗಳಲ್ಲಿ ಎಲ್ಲರೂ ಬರ್ತೀನಿ ಅಂತಾರೆ. ಜುಲೈಗೆ ಒಬ್ಬ ಊರಿಗೆ ಹೋಗಿರ್ತಾನೆ, ಇನ್ನೊಬ್ಬನ ಮಗನಿಗೆ ಸಾಕರ್ ಇರುತ್ತೆ. ನನ್ನ ದೋಣಿ ಹೆಚ್ಚಿನ ಸಂಜೆ ಕಟ್ಟಿದಲ್ಲೇ ನಿಂತಿತ್ತು.

ಅದಕ್ಕೇ ಮೊದಲು ಒಂದು ಬೇಸಿಗೆ ಬೇರೆಯವರ ದೋಣಿ ಹತ್ತಿ. ಸಂಜೆ ರೇಸ್ ಇರುವ ದಿನ ಧಕ್ಕೆಗೆ ಹೋಗಿ ನಿಂತರೆ ಸಾಕು, ಯಾರಿಗಾದರೂ ಒಬ್ಬ ಕಡಿಮೆ ಇದ್ದೇ ಇರ್ತಾನೆ. ಮೂವರೂ ಬೇರೆ ಬೇರೆ ದೋಣಿ ಹತ್ತಿದರೆ ಇನ್ನೂ ಒಳ್ಳೆಯದು. ನಿಮ್ಮ ಬಾಕಿ ಇಬ್ಬರು ಅಲ್ಲೇ ಸಿಗ್ತಾರೆ.

ಅಷ್ಟಾದರೂ ಇದೇ ದೋಣಿ ಬೇಕು ಅನಿಸಿದರೆ, ಒಂದು ಸ್ಕ್ರೂಡ್ರೈವರ್ ತಗೊಂಡು ಹೋಗಿ. ದೋಣಿಯ ಮೇಲ್ಹಾಸು (ಡೆಕ್) ಅಂದರೆ ಎರಡು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಅನ್ನೋ ಹಗುರ ಮರ. ಬೋಲ್ಟಿನ ತೂತುಗಳಿಂದ ಒಳಗೆ ನೀರು ಇಳಿಯುತ್ತೆ. ನಲವತ್ತು ವರ್ಷದ ಮಳೆ, ಹಿಮ. ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೂ ತಟ್ಟಿ, ಹಲಸಿನಹಣ್ಣು ತಟ್ಟಿ ನೋಡ್ತೀವಲ್ಲ ಹಾಗೆ. ಟಣ್ ಟಣ್ ಅಂದರೆ ಒಣಗಿದೆ. ಧಬ್ ಅಂದರೆ ಒಳಗೆ ಕೊಳೆತಿದೆ. ನಾನು ತಟ್ಟಲಿಲ್ಲ, ಬಣ್ಣ ನೋಡಿ ದುಡ್ಡು ಕೊಟ್ಟೆ. ವಿಂಚಿನ (ಹಗ್ಗ ಸುತ್ತಿ ಎಳೆಯುವ ರಾಟೆ) ಪಕ್ಕ ಮೇಲಿನ ಪದರ ಕೊಯ್ದಾಗ ಮರ ಹೊರಬಂದದ್ದು ನೆನೆಸಿದ ಅವಲಕ್ಕಿ ಥರ. ಕೈಯಲ್ಲೇ ಬಳಿದು ತೆಗೆದೆ. ಎರಡು ತಿಂಗಳ ಶನಿವಾರಗಳು ಅದಕ್ಕೇ ಹೋದವು.

ಒಳಗೆ ಬಗ್ಗಿ ಅಡ್ಡಗೋಡೆಯ ಬುಡವನ್ನೂ ಚುಚ್ಚಿ ನೋಡಿ, ಕಂಬವನ್ನು ಎಳೆದು ಹಿಡಿಯುವ ತಂತಿಗಳ ಭಾರ ಅದರ ಮೇಲೇ ಇದೆ. ಕೀಲ್ ಒಡಲಿಗೆ ಸೇರುವ ಮುಂತುದಿಯಲ್ಲಿ ನಗುವ ಬಾಯಿ ಥರ ಬಿರುಕು ಇದ್ದರೆ, ತಿಳಿದವರೊಬ್ಬರಿಗೆ ತೋರಿಸದೆ ಮುಂದುವರಿಯಬೇಡಿ. ಹಳೆಯ ದೋಣಿಗಳಲ್ಲಿ ಕೀಲಿನ ಮೇಲಿನ ತಗ್ಗಿಗೆ ವರ್ಮಿಕ್ಯುಲೈಟ್ ಅನ್ನೋ ಹಗುರ ಖನಿಜದ ಹರಳು ತುಂಬಿರ್ತಿದ್ದರು. ನೀರು ಸೇರಿದರೆ ಅದು ಸ್ಪಂಜು. ಹಾಯಿಗಳನ್ನು ಬಿಡಿಸಿ ನೋಡಿ. ಹೊಸ ಸೆಟ್ಟಿನ ಬೆಲೆ ಈ ದೋಣಿಯ ಬೆಲೆಯನ್ನೇ ದಾಟುತ್ತೆ.

ಕಾರಿನ ಹಿಂದೆ ಕಟ್ಟಿಕೊಂಡು ಹೋಗ್ತೀನಿ ಅಂದಿದ್ದೀರಿ. ಬರೀ ದೋಣಿಯೇ 1,400 ಕಿಲೋ. ಟ್ರೇಲರ್, ಇಂಜಿನ್, ಸಾಮಾನು ಸೇರಿದರೆ ಎರಡು ಟನ್ ಹತ್ತಿರ. ನಿಮ್ಮ ಚಿಕ್ಕ ಎಸ್‌ಯುವಿ ಎಳೆಯಲ್ಲ. ಜೊತೆಗೆ ಇಲ್ಲಿ ಹೆದ್ದಾರಿಯಲ್ಲಿ ಸಾಮಾನ್ಯವಾಗಿ 8 ಅಡಿ 6 ಇಂಚಿಗಿಂತ ಅಗಲ ಇದ್ದರೆ ಪರ್ಮಿಟ್ ಬೇಕು. ಆ ಗ್ಯಾರೇಜ್ ಬಾಗಿಲು ಕಾಡೋದು ಇಲ್ಲೇ. ಕೀಲ್ ನೀರಿನಲ್ಲಿ 4 ಅಡಿ ಇಳಿಯುತ್ತೆ, ಮಡಚಲು ಬರಲ್ಲ. ಹಾಗಾಗಿ ಸಾಮಾನ್ಯ ಇಳಿಜಾರಿನಲ್ಲಿ ತಳ್ಳಿ ಬಿಡೋದು ಕಷ್ಟ, ಕ್ರೇನ್ ಬೇಕು. ಒಳಗೆ ಕೀಲ್ ಬೋಲ್ಟಿಗೆ ಪಟ್ಟಿ ಸಿಕ್ಕಿಸಿ, ಮೇಲ್ಹಾಸಿನ ಬಾಗಿಲಿನಿಂದ ಮೇಲೆ ತಂದು, ಒಂದೇ ಕೊಕ್ಕೆಯಲ್ಲಿ ಎತ್ತುತ್ತಾರೆ. ಮೊದಲ ಸಲ ನನ್ನ ದೋಣಿ ಹಾಗೆ ಗಾಳಿಯಲ್ಲಿ ನಿಧಾನಕ್ಕೆ ತಿರುಗಿದಾಗ ಉಸಿರು ನಿಂತಿತ್ತು.

ವಾರಕ್ಕೊಂದು ಕೆರೆ ಅಂತ ಎಳೆದಾಡುವ ಆಸೆಯೇ ಇದ್ದರೆ ಫ್ಲೈಯಿಂಗ್ ಸ್ಕಾಟ್ ನೋಡಿ. 19 ಅಡಿ, 385 ಕಿಲೋ ಸುಮಾರು, ಅಡಿಹಲಗೆ ಮೇಲೆತ್ತಿದರೆ ಮೊಳಕಾಲುದ್ದ ನೀರು ಸಾಕು. ಇಬ್ಬರೋ ಮೂವರೋ ರೇಸ್ ಓಡಬಹುದು. ನಿಮ್ಮ ಕಾರಿಗೂ ನಿಮ್ಮ ಮೂವರಿಗೂ ಅದೇ ಸರಿ ಅಂತ ನನಗನಿಸುತ್ತೆ. ಆದರೆ ಅದಕ್ಕೆ ಸೀಸದ ಕೀಲ್ ಇಲ್ಲ, ಮಗುಚುತ್ತೆ. ಈಜು ಬರದ ಗೆಳೆಯರನ್ನು ಈ ಚಳಿಗಾಲದಲ್ಲೇ ಈಜುಕೊಳಕ್ಕೆ ಸೇರಿಸಿ. ಲೈಫ್ ಜಾಕೆಟ್ ಧಕ್ಕೆಯಲ್ಲೇ ಹಾಕಿಸಿ, ದೋಣಿ ಹತ್ತಿದ ಮೇಲೆ ಅಲ್ಲ.