ಎಲ್ಲರಿಗೂ ಕಾನೂನುಬದ್ಧ ಗುರುತು ಅಂದ್ರೆ ಆಧಾರ್ ಕಾರ್ಡ್ ಅಷ್ಟೇನಾ?

ಅಲ್ಲ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ 16.9 ಹೇಳುವುದು ಇಷ್ಟು: 2030ರೊಳಗೆ ಜನನ ನೋಂದಣಿ ಸೇರಿದಂತೆ ಎಲ್ಲರಿಗೂ ಕಾನೂನುಬದ್ಧ ಗುರುತು ಸಿಗಬೇಕು. ಕಾರ್ಡ್ ಆಮೇಲಿನ ಮಾತು. ಮೊದಲು ಮಗು ಹುಟ್ಟಿದ್ದು ಸರ್ಕಾರದ ದಾಖಲೆಯಲ್ಲಿ ಇರಬೇಕು. ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳಿಗೆ ಅದೇ ಆಗಿಲ್ಲ ಅಂತ ಯುನಿಸೆಫ್ 2024ರಲ್ಲಿ ಹೇಳಿದೆ.

ನಮ್ಮ ವಿಜಯಪುರ ಕಡೆ ಇದರ ತೊಂದರೆ ಜಾಸ್ತಿ ಇರುವುದು ಗುಳೆ ಹೋಗುವವರಿಗೆ. ತಾಂಡಾದಿಂದ ಕಬ್ಬು ಕಡಿಯುವ ಕೂಲಿಗಳ ಗ್ಯಾಂಗ್ ಜೊತೆ ಮಹಾರಾಷ್ಟ್ರಕ್ಕೆ ಹೋದ ಕುಟುಂಬದಲ್ಲಿ, ಹೊಲದ ಬದಿಯ ಗುಡಿಸಲಲ್ಲೇ ಹೆರಿಗೆ ಆಯ್ತು ಅಂದುಕೊಳ್ಳಿ. ‘ಊರಿಗೆ ಹೋದ ಮೇಲೆ ಬರೆಸಿದರಾಯ್ತು’ ಅಂತಾರೆ. ಆದರೆ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲೇ, ತಂದೆ-ತಾಯಿಯ ಊರಲ್ಲಿ ಅಲ್ಲ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ಕೂಲಿ ಬಿಟ್ಟು ಇನ್ನೊಂದು ರಾಜ್ಯದ ಕಚೇರಿಗೆ ಅಲೆಯುವುದು ಬಡವರಿಗೆ ಆಗುವ ಮಾತಾ? ಗ್ಯಾಂಗ್ ಇರುವ ಕಡೆಗೇ ನೋಂದಣಿಯವರು ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು, ಹೆಸರಿಟ್ಟಿಲ್ಲ ಅಂತ ಸುಮ್ನೆ ಕಾಯಬೇಡಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ, ವರ್ಷದೊಳಗೆ ಪುಕ್ಕಟೆ ಸೇರಿಸಬಹುದು.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಸರ್ಕಾರಿ ಕೆಲಸ ಎಲ್ಲದಕ್ಕೂ ಹುಟ್ಟಿದ ದಿನಾಂಕದ ಪುರಾವೆ ಜನನ ಪ್ರಮಾಣಪತ್ರವೇ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದ್ದು. ಹೊರಡುವ ಮುಂಚೆ ಪ್ರಮಾಣಪತ್ರದ ಬಗ್ಗೆ ಕೇಳಿಯೇ ಬನ್ನಿ.