ಸದ್ದಾಗದಂತೆ ತಿಂದ ರೊಟ್ಟಿ: ಒಂದು ಆಪ್ತಸಲಹೆ ಪ್ರಕರಣ

ದಸರಾ ರಜೆ ಮುಗಿದು ಶಾಲೆಗಳು ಮತ್ತೆ ತೆರೆದ ವಾರದಲ್ಲಿ ಕಲಬುರಗಿಯ ನನ್ನ ಕೊಠಡಿಗೆ ಬಂದ ಈ ಮಹಿಳೆಗೆ 32 ವರ್ಷ. ಪ್ರಾಥಮಿಕ ಶಾಲೆಯ ಶಿಕ್ಷಕಿ, ಏಳು ವರ್ಷದ ಮಗಳ ತಾಯಿ, ಕೂಡು ಕುಟುಂಬದ ಹಿರಿಯ ಸೊಸೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ; ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಕಳಿಸಿದವರು ಮನೋವೈದ್ಯರಲ್ಲ, ಹಲ್ಲಿನ ವೈದ್ಯರು. ಮೇಲಿನ ಮುಂಹಲ್ಲುಗಳ ಒಳಮೈ ಮಾತ್ರ ಸವೆದಿರುವುದನ್ನು ಕಂಡ ಆ ವೈದ್ಯರು, ಬೇರೆ ಯಾರೂ ಇಲ್ಲದಾಗ, ‘ಆಗಾಗ ವಾಂತಿ ಆಗ್ತದೇನಮ್ಮಾ?’ ಎಂದು ಕೇಳಿದ್ದರು. ಆರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಕೇಳಿದ ಮೊದಲ ವ್ಯಕ್ತಿ ಅವರೇ.

ದಿನಚರಿ ಹೀಗಿತ್ತು. ಬೆಳಿಗ್ಗೆ ಒಂದು ಕಪ್ ಚಹಾ. ಶಾಲೆಯಲ್ಲಿ ಬಿಸಿಯೂಟ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು. ಈಕೆ ಒಂದು ಚಮಚ ಸಾರನ್ನವನ್ನು ನಾಲಿಗೆಗೆ ಮುಟ್ಟಿಸಿ, ವಹಿಯಲ್ಲಿ ಸಹಿ ಹಾಕಿ, ತಮ್ಮ ಡಬ್ಬಿಯ ರೊಟ್ಟಿಯನ್ನು ಅಡುಗೆ ಸಹಾಯಕಿಗೆ ಕೊಟ್ಟುಬಿಡುತ್ತಿದ್ದರು. ಸಂಜೆ ಮತ್ತೆ ಚಹಾ. ರಾತ್ರಿ ಎಲ್ಲರಿಗೂ ಬಡಿಸಿ, ‘ನನ್ನದು ಆಮ್ಯಾಲ’ ಎಂದು ಹೇಳಿ, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತಿದ್ದರು. ‘ಹನ್ನೊಂದು ಹೊಡೀತಂದ್ರ ನಾ ನಾ ಇರಂಗಿಲ್ರೀ ಮೇಡಂ’ ಎಂದರು. ನಮ್ಮ ಕಡೆಯ ಮನೆಗಳಲ್ಲಿ ಕಡಕ್ ರೊಟ್ಟಿ ಡಬ್ಬಿ ತುಂಬ ಇರುತ್ತದೆ, ಆದರೆ ಮುರಿದರೆ ಸದ್ದು. ಆದ್ದರಿಂದ ಅವರು ರೊಟ್ಟಿಯನ್ನು ಮೊದಲು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು, ಶೇಂಗಾ ಹಿಂಡಿ, ಬೆಲ್ಲ, ಉಳಿದ ಅನ್ನ, ಮಗಳ ಬಿಸ್ಕಿಟು, ಕೈಗೆ ಸಿಕ್ಕಿದ್ದನ್ನೆಲ್ಲ ರುಚಿ ತಿಳಿಯದಷ್ಟು ವೇಗವಾಗಿ, ನಿಂತುಕೊಂಡೇ ತಿನ್ನುತ್ತಿದ್ದರು. ಆಮೇಲೆ ವಾಂತಿ. ವಾರಕ್ಕೆ ನಾಲ್ಕೈದು ರಾತ್ರಿ ಹೀಗಾಗುತ್ತಿತ್ತು. ಎರಡು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ನಡುರಾತ್ರಿ ನೀರು ಸುರಿದ ಸದ್ದು ಅತ್ತೆಯವರ ಕಿವಿಗೆ ಬೀಳದೆ ಇರಲಿಲ್ಲ. ಅವರು ಮಾಡಿಕೊಂಡ ಅರ್ಥವೇ ಬೇರೆ: ಸೊಸೆಗೆ ಎರಡನೆಯ ಬಸಿರು. ಪರೀಕ್ಷೆಯಲ್ಲಿ ಅದು ಸುಳ್ಳಾದಾಗ ದೃಷ್ಟಿ ತೆಗೆಸಿದರು.

ಇದಕ್ಕೆ ಬುಲಿಮಿಯಾ ನರ್ವೋಸಾ ಎಂದು ಹೆಸರು. ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಇದನ್ನು ಮೊದಲು ವಿವರಿಸಿದರು. ಹತೋಟಿ ತಪ್ಪಿ ತಿನ್ನುವುದು, ಅದನ್ನು ಸರಿದೂಗಿಸಲು ವಾಂತಿ, ಭೇದಿ ಮಾತ್ರೆ, ಉಪವಾಸ ಅಥವಾ ಮಿತಿಮೀರಿದ ವ್ಯಾಯಾಮ, ಇವು ಸರಾಸರಿ ವಾರಕ್ಕೊಮ್ಮೆಯಂತೆ ಮೂರು ತಿಂಗಳು ನಡೆದಿದ್ದು, ತನ್ನ ಬೆಲೆಯನ್ನೆಲ್ಲ ಮೈತೂಕದಿಂದಲೇ ಅಳೆದುಕೊಳ್ಳುವ ಮನಸ್ಸಿದ್ದರೆ ರೋಗನಿರ್ಣಯ ಮಾಡಲಾಗುತ್ತದೆ. ಸರಿದೂಗಿಸುವ ಭಾಗವಿಲ್ಲದೆ ತಿನ್ನುವುದಷ್ಟೇ ಇದ್ದರೆ ಅದು ಬಿಂಜ್ ಈಟಿಂಗ್ ಕಾಯಿಲೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 2013ರಲ್ಲಿ. ಬುಲಿಮಿಯಾ ಇರುವವರ ತೂಕ ಹೆಚ್ಚಾಗಿ ಎಲ್ಲರಂತೆಯೇ ಇರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಕನ್ನಡದಲ್ಲಿ ನಮ್ಮ ಬಳಿ ಇರುವ ಪದ ‘ಹೊಟ್ಟೆಬಾಕತನ’, ಅದು ಬೈಗುಳ. ಆ ಬೈಗುಳವನ್ನು ಈಕೆ ತಮಗೆ ತಾವೇ ಆರು ವರ್ಷ ಬೈದುಕೊಂಡಿದ್ದರು.

ಮಾತುಕತೆಗೂ ಮೊದಲು ರಕ್ತಪರೀಕ್ಷೆ ಮತ್ತು ಇಸಿಜಿ ಆಗಲೇಬೇಕೆಂದು ಪಟ್ಟು ಹಿಡಿದೆ. ಪದೇ ಪದೇ ವಾಂತಿಯಾದರೆ ದೇಹದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಅವರ ಪೊಟ್ಯಾಸಿಯಂ 3.1 ಇತ್ತು, 3.5ರ ಮೇಲಿರಬೇಕು. ಫಿಜಿಷಿಯನ್ ಅದನ್ನು ಸರಿಪಡಿಸಿದರು, ಮನೋವೈದ್ಯರು ಖಿನ್ನತೆಗೂ ಕೊಡುವ ಫ್ಲೂಆಕ್ಸೆಟಿನ್ ಎಂಬ ಔಷಧಿ ಆರಂಭಿಸಿ ಹಂತಹಂತವಾಗಿ ಏರಿಸಿದರು. ಬುಲಿಮಿಯಾಗೆ ಕೊಡುವ 60 ಮಿಲಿಗ್ರಾಂ ಪ್ರಮಾಣ ಖಿನ್ನತೆಗೆ ಸಾಮಾನ್ಯವಾಗಿ ಕೊಡುವ 20ಕ್ಕಿಂತ ಹೆಚ್ಚು. ಆ ತೀರ್ಮಾನ ವೈದ್ಯರದೇ ಹೊರತು ಆಪ್ತಸಲಹೆಗಾರರದಲ್ಲ, ಔಷಧಿ ಅಂಗಡಿಯವರದಂತೂ ಅಲ್ಲವೇ ಅಲ್ಲ. ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು, ಆಮ್ಲ ತಾಗಿ ಮೆತ್ತಗಾದ ಮೇಲ್ಪದರ ಉಜ್ಜಿದರೆ ಇನ್ನಷ್ಟು ಸವೆಯುತ್ತದೆ, ಬರೀ ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು ಎಂಬುದನ್ನು ಹಲ್ಲಿನ ವೈದ್ಯರು ಹೇಳಿಕೊಟ್ಟಿದ್ದರು.

ಅವರು ಬಂದಿದ್ದು ಧ್ಯಾನ ಕಲಿಯಲು. ‘ಮನಸ್ಸು ಗಟ್ಟಿ ಮಾಡೋದು ಹೇಳಿಕೊಡ್ರಿ’ ಎಂದಿದ್ದರು. ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನವಿಡುವ ಸಾವಧಾನ, ಎಂಬ ಮಾತು ಮೊಬೈಲಿನಲ್ಲಿ ಎಲ್ಲರ ಕಿವಿಗೂ ಬಿದ್ದಿರುವ ಈ ಕಾಲದಲ್ಲಿ ನಾನು ಇದನ್ನು ಒತ್ತಿ ಹೇಳಬೇಕಾಗಿದೆ: ಹಗಲೆಲ್ಲ ಹಸಿದಿರುವ ದೇಹಕ್ಕೆ ಸಾವಧಾನ ಕಲಿಸಲು ಬರುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯ ಮೇಲೆ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ್ದರು. ಅವರಿಗೆ ಹಗಲಿರುಳು ಊಟದ್ದೇ ಯೋಚನೆ ಹತ್ತಿತು, ಊಟ ಮತ್ತೆ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಅವರಾರೂ ಮನಸ್ಸು ದುರ್ಬಲವಾದವರಲ್ಲ. ಆದ್ದರಿಂದ ಮೊದಲ ನಾಲ್ಕು ವಾರ ನಾವು ಮಾಡಿದ್ದು ಒಂದೇ ಕೆಲಸ, ಹೊತ್ತಿಗೆ ಸರಿಯಾಗಿ ಉಣ್ಣುವುದು. ಬೆಳಿಗ್ಗೆ ಏಳೂವರೆಗೆ ಉಪ್ಪಿಟ್ಟೋ ಸುಸಲಾವೋ, ಹನ್ನೊಂದಕ್ಕೆ ಒಂದು ಹಣ್ಣು, ಒಂದೂವರೆಗೆ ಡಬ್ಬಿಯ ರೊಟ್ಟಿ ಪಲ್ಯ, ಐದಕ್ಕೆ ಚಹಾದ ಜೊತೆ ಏನಾದರೂ, ರಾತ್ರಿ ಎಂಟೂವರೆಗೆ ಎಲ್ಲರೊಂದಿಗೆ ಊಟ. ಎರಡು ಊಟಗಳ ನಡುವೆ ನಾಲ್ಕು ತಾಸಿಗಿಂತ ಹೆಚ್ಚು ಅಂತರ ಬೀಳಬಾರದು. ಹಸಿವಾಗಲಿ ಬಿಡಲಿ, ಹಿಂದಿನ ರಾತ್ರಿ ಏನೇ ಆಗಿರಲಿ, ಹೊತ್ತಾದರೆ ಉಣ್ಣಬೇಕು. ಇದು ಆಕ್ಸ್‌ಫರ್ಡಿನ ಕ್ರಿಸ್ಟಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆಯ, ಪದ್ಧತಿಯಿಂದ ಬಂದದ್ದು. ಬುಲಿಮಿಯಾಗೆ ಇಂದಿಗೂ ಹೆಚ್ಚು ಪುರಾವೆ ಇರುವುದು ಅದಕ್ಕೇ. ಸಾವಧಾನದ ಅಭ್ಯಾಸಗಳನ್ನು ನಾನು ಈ ಬುನಾದಿಯ ಮೇಲೆ ಕೂಡಿಸುತ್ತೇನೆ, ಅದರ ಬದಲಿಗೆ ಅಲ್ಲ.

ಇಲ್ಲಿ ನನ್ನದೊಂದು ತಪ್ಪನ್ನೂ ದಾಖಲಿಸಬೇಕು. ಮನೆಯವರು ಶರಣಬಸವೇಶ್ವರರ ಗುಡಿಗೆ ನಡೆದುಕೊಳ್ಳುವವರೆಂದು ತಿಳಿದು, ಎರಡನೆಯ ಭೇಟಿಯಲ್ಲಿ ನಾನು, ‘ದಾಸೋಹದಾಗ ಕೂತು ಪ್ರಸಾದ ತಗೊಂಡಂಗ ತಗೊಳ್ರಿ, ಒಂದೊಂದು ತುತ್ತಿನ ಮ್ಯಾಲೂ ಗಮನ ಇರಲಿ’ ಎಂದೆ. ಜಾಣತನದ ಹೋಲಿಕೆ ಎಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ಬಂದು, ನೆಲ ನೋಡುತ್ತಲೇ, ‘ಪ್ರಸಾದ ಅಂದ ಮ್ಯಾಲ ವಾಂತಿ ಮಾಡಿದ್ದು ಪಾಪ ಆತಲ್ರೀ’ ಎಂದರು. ತಾಟು ತೊಳೆದ ನೀರನ್ನೂ ಚೆಲ್ಲದೆ ಕುಡಿಯುವ ಮನೆತನದವರಿಗೆ ನಾನು ನಾಚಿಕೆಯ ಮೇಲೆ ಪಾಪವನ್ನೂ ಹೊರಿಸಿದ್ದೆ. ಮಾತನ್ನು ಹಿಂತೆಗೆದುಕೊಂಡೆ, ಕ್ಷಮೆ ಕೇಳಿದೆ. ಊಟವನ್ನು ಪವಿತ್ರವೆಂದೂ ಹೇಳುವುದಿಲ್ಲ, ಅಪಾಯವೆಂದೂ ಹೇಳುವುದಿಲ್ಲ, ಬರೀ ಊಟವೆಂದೇ ನೋಡೋಣ ಎಂದು ಇಬ್ಬರೂ ಒಪ್ಪಿದೆವು.

ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಆರಂಭಿಸಿದ ಸಾವಧಾನ ತರಬೇತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಜಗಿಯುವ ಅಭ್ಯಾಸವಿದೆ. ಮನಶ್ಶಾಸ್ತ್ರಜ್ಞೆ ಜೀನ್ ಕ್ರಿಸ್ಟೆಲರ್ ಹತೋಟಿ ತಪ್ಪಿ ತಿನ್ನುವವರಿಗಾಗಿ ಸಾವಧಾನದ ಊಟದ ಒಂದು ಪೂರ್ಣ ತರಬೇತಿಯನ್ನೇ ರೂಪಿಸಿದ್ದಾರೆ. ಐದನೆಯ ಭೇಟಿಯಲ್ಲಿ ನಾನು ದ್ರಾಕ್ಷಿ ಬಿಟ್ಟು ಕಡಕ್ ರೊಟ್ಟಿ ಇಟ್ಟೆ. ಅಂಚಿನ ಸುಟ್ಟ ಕಲೆ, ಬೆರಳಿಗಂಟುವ ಜೋಳದ ಹಿಟ್ಟು, ಮೂಸಿದಾಗ ಬರುವ ಒಲೆಯ ವಾಸನೆ, ಇಷ್ಟನ್ನು ಹೇಳುವವರೆಗೆ ಅವರು ಸಮಾಧಾನದಿಂದಿದ್ದರು. ‘ಈಗ ಮುರೀರಿ’ ಎಂದಾಗ ಕೈ ನಿಂತಿತು. ಮುರಿದರು. ಸದ್ದು ಕೊಠಡಿ ತುಂಬ ಕೇಳಿಸಿತು, ಅವರು ಬಾಗಿಲ ಕಡೆ ನೋಡಿದರು, ಆಮೇಲೆ ಅತ್ತರು. ಆ ಚೂರನ್ನು ಜಗಿದು ಮುಗಿಸಲು ಆರು ನಿಮಿಷ ಹಿಡಿಯಿತು. ‘ಇದಕ್ಕ ಸಿಹಿ ಅದ’ ಎಂದರು. ಆರು ವರ್ಷ ನೀರಿನಲ್ಲಿ ನೆನೆದ ರೊಟ್ಟಿಯನ್ನು ನುಂಗಿದವರಿಗೆ ಜೋಳದ ಸಿಹಿ ಮರೆತೇ ಹೋಗಿತ್ತು.

ತಿನ್ನಬೇಕೆಂಬ ಸೆಳೆತದ ಜೊತೆಗಿನ ಕೆಲಸ ಇನ್ನೂ ಕಷ್ಟದ್ದು. ‘ಬ್ಯಾಡ ಅಂದಷ್ಟೂ ಆ ಡಬ್ಬಿನೇ ಕಣ್ಣ ಮುಂದ ಬರ್ತದ’ ಎಂದು ಅವರು ಹೇಳಿದ್ದರಲ್ಲಿ ವಿಚಿತ್ರವೇನೂ ಇಲ್ಲ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿದರೆ ಜನ ಅದನ್ನೇ ಮತ್ತೆ ಮತ್ತೆ ನೆನೆಯುತ್ತಾರೆಂದು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದರು. ವ್ಯಸನಗಳ ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಹೇಳಿಕೊಟ್ಟ ಉಪಾಯವೆಂದರೆ ಸೆಳೆತವನ್ನು ತಡೆಯದೆ, ಅದಕ್ಕೆ ಶರಣಾಗದೆ, ಕಡಲಿನ ಅಲೆಯಂತೆ ಏರಿ ಇಳಿಯುವುದನ್ನು ನೋಡುತ್ತಿರುವುದು. ಕಲಬುರಗಿಯಲ್ಲಿ ಕೂತು ಅಲೆಯ ಮಾತು ಆಡುವುದು ನನಗೇ ನಗು ತರಿಸುತ್ತದೆ. ನಮಗೆ ಗೊತ್ತಿರುವುದು ಮೇ ತಿಂಗಳ ಸಂಜೆಯ ಧೂಳುಗಾಳಿ. ಅದು ಬಂದಾಗ ಯಾರೂ ಅದರೊಡನೆ ಜಗಳಕ್ಕೆ ಹೋಗುವುದಿಲ್ಲ, ಅದರ ಹಿಂದೆ ಓಡುವುದೂ ಇಲ್ಲ. ಮುಖಕ್ಕೆ ಸೆರಗು ಮುಚ್ಚಿ, ಕಾಲು ಊರಿ ನಿಲ್ಲುತ್ತೇವೆ. ಹಾಗೆಯೇ ಸೆಳೆತ ಎದ್ದಾಗ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅದು ಮೈಯಲ್ಲಿ ಎಲ್ಲಿದೆ ಎಂದು ಹುಡುಕಬೇಕು: ಗಂಟಲಲ್ಲೋ, ಎದೆಯಲ್ಲೋ, ಅಂಗೈಯಲ್ಲೋ. ಹತ್ತರಲ್ಲಿ ಎಷ್ಟಿದೆ ಎಂದು ಪುಸ್ತಕದಲ್ಲಿ ಬರೆಯಬೇಕು, ಐದು ನಿಮಿಷಕ್ಕೊಮ್ಮೆ ಮತ್ತೆ ಬರೆಯಬೇಕು. ಅರ್ಧ ತಾಸಿನ ನಂತರವೂ ತಿನ್ನಬೇಕೆನಿಸಿದರೆ ತಿನ್ನಿ, ಆದರೆ ದೀಪ ಹಾಕಿ, ತಾಟಿನಲ್ಲಿ ಹಾಕಿಕೊಂಡು, ಕೂತು ತಿನ್ನಿ ಎಂದೆ. ಮೊದಲ ಸಲ ಅವರು ಬರೆದ ಅಂಕಿಗಳು 8, 9, 9, 6, 4. ಆ ರಾತ್ರಿ ತಿನ್ನಲಿಲ್ಲ. ಮರುರಾತ್ರಿ 9ರಲ್ಲೇ ಎದ್ದು ಹೋಗಿ ತಿಂದರು, ಅದನ್ನೂ ಪ್ರಾಮಾಣಿಕವಾಗಿ ಬರೆದರು. ಇದೇ ಹೊತ್ತಿಗೆ ಒಂದು ಭ್ರಮೆಯನ್ನೂ ಬಿಡಿಸಬೇಕಾಯಿತು: ವಾಂತಿಯಿಂದ ತಿಂದದ್ದೆಲ್ಲ ಹೊರಗೆ ಹೋಗುವುದಿಲ್ಲ, ದೊಡ್ಡ ಪಾಲು ಒಳಗೇ ಉಳಿಯುತ್ತದೆ, ಆಮೇಲೆ ವಾಂತಿ ಮಾಡಿದರಾಯಿತು ಎಂಬ ಧೈರ್ಯವೇ ಹೆಚ್ಚು ತಿನ್ನಿಸುತ್ತದೆ.

ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಬೆಳೆಸಿದ, ಬೇಡದ ಭಾವನೆಗಳೊಡನೆ ಹೋರಾಡದೆ ಬೇಕಾದ ಬದುಕಿನತ್ತ ನಡೆಯಲು ಕಲಿಸುವ ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿಯನ್ನು ಕನ್ನಡದಲ್ಲಿ ಹೇಳುವಾಗ ‘ಒಪ್ಪಿಕೊಳ್ಳುವುದು’ ಎಂಬ ಪದ ಬಳಸಿ ಹಲವು ಸಲ ಪೆಟ್ಟು ತಿಂದಿದ್ದೇನೆ. ನಮ್ಮ ಕಿವಿಗೆ ಅದು ತಪ್ಪೊಪ್ಪಿಗೆಯಂತೆಯೋ ಸಮ್ಮತಿಯಂತೆಯೋ ಕೇಳುತ್ತದೆ. ಈಕೆಯೂ, ‘ನಾದಿನಿ ನನಗ ತೊಗರಿ ಚೀಲ ಅಂತಾಳ, ಅದನ್ನೂ ಒಪ್ಕೋಬೇಕೇನ್ರೀ?’ ಎಂದು ಕೇಳಿದರು. ಖಂಡಿತ ಇಲ್ಲ. ನಾದಿನಿಯ ಮಾತಿಗೆ ಸಮ್ಮತಿ ಬೇಕಿಲ್ಲ. ಆ ಮಾತು ನೆನಪಾದಾಗ ಎದೆಯಲ್ಲಿ ಏಳುವ ಉರಿಗೆ, ತುಂಬಿದ ಬಸ್ಸಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟಂತೆ, ಜಾಗ ಕೊಟ್ಟರೆ ಸಾಕು. ಬೇಡದವರು ಪಕ್ಕದಲ್ಲಿ ಕೂತರೆಂದು ನಾವು ನಮ್ಮ ಊರಿಗಿಂತ ಮೊದಲೇ ಇಳಿಯುವುದಿಲ್ಲ. ‘ನಾನು ದಪ್ಪ’ ಎಂಬುದನ್ನು ‘ನಾನು ದಪ್ಪ ಎಂಬ ಮಾತು ಈಗ ತಲೆಯೊಳಗ ಬಂದದ’ ಎಂದು ಬದಲಿಸಿ ಹೇಳಿಸಿದೆ. ಬರೀ ವ್ಯಾಕರಣದ ಆಟದಂತೆ ಕಾಣುತ್ತದೆ, ಆದರೆ ಕನ್ನಡ ಕಲಿಸುವ ಆ ಅಕ್ಕೋರಿಗೆ ಅದು ಬೇಗ ಹಿಡಿಸಿತು. ‘ಹೇಳೋರು ಬ್ಯಾರೆ, ಕೇಳೋರು ಬ್ಯಾರೆ ಆದ್ರಲ್ಲ’ ಎಂದರು.

ಇಷ್ಟೆಲ್ಲ ಯಾಕೆ ಮಾಡಬೇಕು ಎಂಬುದಕ್ಕೆ ಉತ್ತರ ತೂಕದಲ್ಲಿರಲಿಲ್ಲ, ಮಗಳ ಪ್ರಶ್ನೆಯಲ್ಲಿತ್ತು: ‘ಯವ್ವಾ, ನೀ ನಮ್ಮ ಜೋಡಿ ಯಾಕ ಉಣ್ಣಂಗಿಲ್ಲ?’ ತಾವು ಎಂಥ ತಾಯಿಯಾಗಿರಬೇಕೆಂದು ಬಯಸುತ್ತಾರೆಂಬುದನ್ನು ಅವರು ಒಂದೇ ಸಾಲಿನಲ್ಲಿ ಬರೆದರು, ಮಗಳ ಎದುರಿಗೆ ಕೂತು ಉಣ್ಣುವ ತಾಯಿ ಎಂದು. ತೂಕ ನೋಡುವುದನ್ನು ವಾರಕ್ಕೊಮ್ಮೆ, ನನ್ನ ಕೊಠಡಿಯಲ್ಲಿ ಮಾತ್ರ ಎಂದು ಸೀಮಿತಗೊಳಿಸಿದೆವು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮೂರು ವಾರ ವಾಂತಿ ಇರಲಿಲ್ಲ. ಅಂದು ಹೊಲದಲ್ಲಿ ಚರಗ ಚೆಲ್ಲಿ, ಬಜ್ಜಿ, ಸಜ್ಜೆ ರೊಟ್ಟಿ, ಕಡುಬು ಎಂದು ಎಲ್ಲರೂ ಒತ್ತಾಯಿಸಿ ಬಡಿಸಿದ್ದರು, ನಾದಿನಿಯೂ ಬಂದಿದ್ದಳು. ರಾತ್ರಿ ಮನೆಗೆ ಬಂದು ಮತ್ತೆ ತಿಂದರು, ವಾಂತಿ ಮಾಡಿಕೊಂಡರು, ಎಲ್ಲವೂ ನೀರಿಗೆ ಹೋಯಿತೆಂದು ಮರುದಿನ ಉಪವಾಸ ಮಾಡಿ ಸರಿಪಡಿಸಲು ಹೊರಟರು. ಬೆಳಿಗ್ಗೆ ಫೋನು ಬಂತು. ನಾನು ಹೇಳಿದ್ದು ಇಷ್ಟೇ: ‘ಈಗ ಎಷ್ಟು ಗಂಟೆ? ಏಳೂವರೆಗೆ ನಾಷ್ಟಾ ಮಾಡ್ರಿ.’ ಜಾರಿದ ರಾತ್ರಿಗಿಂತ ಮರುದಿನದ ಉಪವಾಸವೇ ಕಾಯಿಲೆಯನ್ನು ಮರಳಿ ಕರೆಯುತ್ತದೆ ಎಂಬುದು ನನ್ನ ಅನುಭವ.

ಮನೆಯವರಿಗೆ ಕೊಟ್ಟ ಸಲಹೆಯಲ್ಲಿ ಮಾಡಬಾರದ್ದೇ ಹೆಚ್ಚಿತ್ತು. ರೊಟ್ಟಿ ಡಬ್ಬಿಗೆ ಬೀಗ ಹಾಕಬೇಡಿ, ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ಲಬೇಡಿ, ಸೊರಗಿದಳು ಎಂದೂ ದುಂಡಗಾದಳು ಎಂದೂ ಮೈಯ ಮಾತು ಎತ್ತಬೇಡಿ, ಹೊಗಳಿಕೆಯಾದರೂ ಸರಿ. ರಾತ್ರಿಯ ಊಟಕ್ಕೆ ಅವರು ಕೂರುವವರೆಗೆ ಯಾರೂ ಶುರು ಮಾಡಬೇಡಿ. ‘ಮನಸ್ಸು ಗಟ್ಟಿ ಮಾಡ್ಕೋ’ ಎನ್ನುತ್ತಿದ್ದ ಯಜಮಾನರಿಗೆ ಪೊಟ್ಯಾಸಿಯಂ ವರದಿ ತೋರಿಸಿದ ಮೇಲೆ ಆ ಮಾತು ನಿಂತಿತು. ತಲೆ ಸುತ್ತಿ ಬೀಳುವುದು, ಎದೆ ಡವಗುಟ್ಟುವುದು, ವಾಂತಿಯಲ್ಲಿ ರಕ್ತ, ಸ್ನಾಯು ಸೆಳೆತ ಕಂಡರೆ ನನಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದೂ, ಬದುಕು ಸಾಕೆಂಬ ಮಾತು ಬಂದರೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದೆಂದೂ ಬರೆದುಕೊಟ್ಟೆ.

ಹದಿನಾರು ಭೇಟಿಗಳ ನಂತರ ತಿಂಗಳಿಗೊಮ್ಮೆ ಬರುತ್ತಿದ್ದಾರೆ. ಕಳೆದ ಮೂರು ತಿಂಗಳಲ್ಲಿ ಎರಡು ಸಲ ಹತೋಟಿ ತಪ್ಪಿದೆ, ಒಂದು ಸಲ ವಾಂತಿಯಾಗಿದೆ. ಪೊಟ್ಯಾಸಿಯಂ ಸರಿಯಾಗಿದೆ, ಸವೆದ ಹಲ್ಲು ಮರಳಿ ಬರುವುದಿಲ್ಲ, ನಾದಿನಿಯ ಬಾಯಿಯೂ ಬದಲಾಗಿಲ್ಲ. ಕೊನೆಯ ಭೇಟಿಯಲ್ಲಿ ಶ್ರಾವಣ ಸೋಮವಾರದ ಒಪ್ಪತ್ತಿನ ಮಾತು ಬಂತು. ಈ ವರ್ಷ ಬೇಡವೆಂದು ನಾನು ಹೇಳಿದೆ. ಮನೆಯಲ್ಲಿ ಅದನ್ನು ಹೇಗೆ ಹೇಳುವುದೆಂಬ ಚಿಂತೆಯಲ್ಲಿ ಅವರು ಹೋದರು, ರಾತ್ರಿ ಒಂದು ಸಂದೇಶ ಕಳಿಸಿದರು: ‘ಅತ್ತಿ ಅಂದ್ರು, ನಿನ್ನ ಪಾಲಿನ ಒಪ್ಪತ್ತು ನಾನೇ ಮಾಡ್ತೀನಿ, ನೀ ಉಂಡು ಸಾಲಿಗಿ ಹೋಗು.’